ಅಂಟಿಸಬೇಡಿ, ಕಟ್ಟಿ: ಮಲೆನಾಡಿನ ಬಾಗಿಲಿಗೆ ಕೃತಕ ಹೂವಿನ ರೀತ್

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಹತ್ತಿರ ತೋಟದ ಮನೆ. ಹೋದ ವರ್ಷ ಮುಂಬಾಗಿಲಿಗೆ ಅಂತ ಕೃತಕ ಹೂವಿನ ರೀತ್ (ಬಾಗಿಲಿಗೆ ತೂಗುಹಾಕುವ ದುಂಡಗಿನ ಹೂಚಕ್ರ) ಒಂದನ್ನು ಕೊಂಡು ತಂದಿದ್ದೆ. ಜುಲೈ ಹೊತ್ತಿಗೆ ಹೂಗಳು ಒಂದೊಂದೇ ಕಳಚಿ ಬಿದ್ದವು. ಹಿಂದೆಲ್ಲ ಬೂಷ್ಟು ಹಿಡಿಯಿತು. ಬಾಗಿಲ ಪಾಲಿಶ್ ಮೇಲೆ ತುಕ್ಕಿನ ಗೆರೆ ಇಳಿಯಿತು. ಈ ಸಲ ನಾನೇ ಮಾಡಬೇಕು, ಕಾಲಕ್ಕೆ ತಕ್ಕ ಹಾಗೆ ಹೂ ಬದಲಿಸುವಂತಿರಬೇಕು ಅಂತ ಆಸೆ. ಆದರೆ ನಮ್ಮ ಅತ್ತೆ ‘ದುಂಡಗೆ ಹೂ ಕಟ್ಟಿ ಬಾಗಿಲಿಗೆ ಹಾಕಿದರೆ ಸತ್ತವರಿಗೆ ಇಡೋ ಚಕ್ರದ ಹಾಗೆ ಕಾಣುತ್ತೆ’ ಅಂತಾರೆ. ಏನು ಮಾಡಲಿ? ಯಾವ ಸಾಮಾನು ತರಲಿ?
— ಓದುಗರೊಬ್ಬರು, ಚಿಕ್ಕಮಗಳೂರು ತಾಲೂಕು

ಉತ್ತರ: ನಿಮ್ಮ ರೀತ್‌ಗೆ ಬಂದ ಮೂರು ಕಾಯಿಲೆಗೂ ಮೂಲ ಒಂದೇ. ಅದನ್ನು ಒಣ ಹವೆಯ ಊರಿಗೆ ಅಂತ ಮಾಡಿದ್ದಾರೆ. ಹೂವೆಲ್ಲ ಬಿಸಿ ಅಂಟಿನ (ಗ್ಲೂ ಗನ್ನಿನಲ್ಲಿ ಕರಗಿಸಿ ಹಾಕುವ ಅಂಟು) ಮೇಲೆ ನಿಂತಿರುತ್ತದೆ. ಕಾಂಡದೊಳಗೆ ಕಬ್ಬಿಣದ ತಂತಿ ಇರುತ್ತದೆ. ಹಿಂಬದಿಗೆ ಸೆಣಬನ್ನೋ ಕಾಗದದ ಟೇಪನ್ನೋ ಸುತ್ತಿರುತ್ತಾರೆ. ಮಳೆಗಾಲವಿಡೀ ಒಗೆದ ಬಟ್ಟೆಯೇ ಒಣಗದ ಕಡೆ ಇವು ಮೂರೂ ಬಾಳುವುದಿಲ್ಲ. ಹಾಗಾಗಿ ನನ್ನ ಮಾತು ಇಷ್ಟೇ: ಅಂಟಿಸಬೇಡಿ, ಕಟ್ಟಿ. ಕಟ್ಟಿದ್ದನ್ನು ಬಿಚ್ಚಬಹುದು, ತೊಳೆಯಬಹುದು, ಒಣಗಿಸಿ ಮತ್ತೆ ಕಟ್ಟಬಹುದು. ಕಾಲಕ್ಕೆ ತಕ್ಕ ಹಾಗೆ ಹೂ ಬದಲಿಸುವ ದಾರಿಯೂ ಇದೇ.

ಮೊದಲು ಅತ್ತೆಯವರ ಮಾತಿಗೆ ಬರೋಣ. ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಹುತಾತ್ಮರ ಸ್ಮಾರಕದ ಮುಂದೆ, ಗಣ್ಯರ ಪಾರ್ಥಿವ ಶರೀರದ ಹತ್ತಿರ ಇಡುವ ಹೂಚಕ್ರವನ್ನು ನಾವೆಲ್ಲ ನೋಡಿದ್ದೇವೆ. ದುಂಡಗಿನ ಹೂ ಕಂಡರೆ ಹಿರಿಯರಿಗೆ ಅದೇ ನೆನಪಾಗುವುದು ಸಹಜ. ಬಾಗಿಲಿಗೆ ಹಸಿರು ಚಕ್ರ ತೂಗುಹಾಕುವುದು ಯುರೋಪಿನ ಕ್ರಿಸ್‌ಮಸ್ ಪದ್ಧತಿ. ಅಲ್ಲಿ ಚಳಿಗೆ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಾಗ ಹಸಿರಾಗಿ ಉಳಿಯುವುದು ಫರ್, ಹಾಲಿ ಥರದ ಗಿಡಗಳು ಮಾತ್ರ. ಆ ಕೊಂಬೆಗಳನ್ನೇ ಬಾಗಿಸಿ ಕಟ್ಟುತ್ತಾರೆ. ನಮ್ಮಲ್ಲಿ ಬಾಗಿಲ ಸಿಂಗಾರ ಅಂದರೆ ಮಾವಿನ ತೋರಣ. ಎರಡರ ಜಾಗವೂ ಬೇರೆ, ಕೆಲಸವೂ ಬೇರೆ. ತೋರಣ ಮೇಲೆ ದಾರಂದಕ್ಕೆ, ರೀತ್ ಬಾಗಿಲ ಹಲಗೆಗೆ. ಹಬ್ಬದ ದಿನ ಹಸಿ ಮಾವಿನ ಸೊಪ್ಪಿನ ತೋರಣ ತೆಗೆದು ಪ್ಲಾಸ್ಟಿಕ್ ಹೂ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೊಸ್ತಿಲಿಗೂ ಹಸಿ ಹೂವೇ ಇರಲಿ.

ಇನ್ನು ನೋಟದ ವಿಷಯ. ಸಾವಿನ ಚಕ್ರದಲ್ಲಿ ಹೂ ಸುತ್ತಲೂ ಒಂದೇ ದಪ್ಪ ಇರುತ್ತದೆ. ಒಂದೇ ಅಳತೆಯ ಹೂ, ಒಂದೋ ಎರಡೋ ಬಣ್ಣ, ಎಲ್ಲೂ ಸಂದಿಲ್ಲ. ನೀವು ಇದಕ್ಕೆ ಪೂರ್ತಿ ಉಲ್ಟಾ ಮಾಡಿ. ಚಕ್ರದ ಅರ್ಧದಷ್ಟು ಭಾಗಕ್ಕೆ ಮಾತ್ರ ಹೂ ಇರಲಿ, ಉಳಿದ ಅರ್ಧ ಬರೀ ರಿಂಗ್ ಕಾಣಲಿ. ಎಲೆಗಳು ಹೊರಗೆ ಚಾಚಿಕೊಂಡಿರಲಿ. ಕೆಳಗಡೆ ಒಂದೆರಡು ಎಳೆ ಜೋಲಲಿ. ಬೇಕಾದರೆ ಎರಡು ಸಣ್ಣ ಹಿತ್ತಾಳೆ ಗೆಜ್ಜೆ ಕಟ್ಟಿ. ಬಿಳಿ ಹೂ ಒಂದನ್ನೇ ಎಂದೂ ಹಾಕಬೇಡಿ, ಜೊತೆಗೆ ಅದರ ಎರಡರಷ್ಟು ಹಸಿರು ಬೇಕು. ಇಷ್ಟು ಮಾಡಿದರೆ ಆ ಹೋಲಿಕೆ ಉಳಿಯುವುದಿಲ್ಲ, ನೋಡಲೂ ಹೆಚ್ಚು ಚೆಂದ. ಕೃತಕ ಹೂವೇ ಅಶುಭ ಅಂತ ಯಾರಾದರೂ ಅಂದರೆ ಬಾಸಿಂಗವನ್ನು ನೆನಪಿಸಿ. ಮದುವೆಯಲ್ಲಿ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗದ ಹೂ ಕೂಡ ಕೈಯಲ್ಲಿ ಕೆತ್ತಿದ್ದೇ ಅಲ್ವಾ? ನಮ್ಮವರು ಶುಭಕಾರ್ಯಕ್ಕೆ ಮಾಡಿದ ಹೂ ಬಳಸುವುದು ಇವತ್ತಿನ ಮಾತಲ್ಲ.

ಈಗ ರಿಂಗ್. ನಿಮ್ಮದು ತೋಟದ ಮನೆ ಅಂದಿರಿ, ಹಾಗಾದರೆ ಅತಿ ಒಳ್ಳೆಯ ರಿಂಗ್ ನಿಮ್ಮ ಪಂಪ್‌ಹೌಸಿನ ಮೂಲೆಯಲ್ಲೇ ಬಿದ್ದಿರಬಹುದು: 16 ಮಿ.ಮೀ. ಡ್ರಿಪ್ ಪೈಪು. ಅದು ಬಿಸಿಲಲ್ಲಿ ವರ್ಷಗಟ್ಟಲೆ ಇರಲೆಂದೇ ಮಾಡಿದ ಕಪ್ಪು ಪೈಪು. ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಸುರುಳಿಯಲ್ಲೇ ಬರುವುದರಿಂದ ತಾನಾಗಿ ಬಾಗುತ್ತದೆ. 44 ಇಂಚು ಕತ್ತರಿಸಿ ಎರಡು ತುದಿಯನ್ನೂ ಜಾಯಿಂಟರ್‌ಗೆ ಸಿಕ್ಕಿಸಿದರೆ ಸರಿಯಾಗಿ 14 ಇಂಚು ಅಡ್ಡಳತೆಯ ರಿಂಗ್ ಸಿಗುತ್ತದೆ. ಜೋಡಿಸುವ ಮುಂಚೆ ಒಳಗೊಂದು ದಪ್ಪ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಂತಿ ತೂರಿಸಿ. ಆಗ ಹೂವಿನ ಭಾರಕ್ಕೆ ಮೊಟ್ಟೆಯಾಕಾರಕ್ಕೆ ಎಳೆಯುವುದಿಲ್ಲ. ಪೈಪಿನ ಮೈ ನುಣುಪು, ಕಟ್ಟಿದ ತಂತಿ ಜಾರುತ್ತದೆ. ಅದಕ್ಕೆ ಹಳೇ ನೈಲಾನ್ ಸೀರೆಯನ್ನು ಒಂದಿಂಚಿನ ಪಟ್ಟಿ ಹರಿದು ಓರೆಯಾಗಿ ಬಿಗಿದು ಸುತ್ತಿ. ಹಸಿರೋ ಕಂದೋ ಇದ್ದರೆ ಒಳ್ಳೆಯದು, ಬರೀ ರಿಂಗ್ ಕಾಣುವ ಭಾಗದಲ್ಲೂ ಅಸಹ್ಯ ಅನಿಸುವುದಿಲ್ಲ. ಹತ್ತಿ ಬಟ್ಟೆ, ಸೆಣಬು, ಕಾಗದದ ಟೇಪು ಮೂರೂ ಬೇಡ. ನೀರು ಹೀರಿ ಹಿಡಿದಿಟ್ಟುಕೊಳ್ಳುವುದು ಅವೇ, ಬೂಷ್ಟು ಶುರುವಾಗುವುದೂ ಅಲ್ಲೇ.

ಕಡ್ಡಿಯ ರಿಂಗೇ ಬೇಕು, ಮಣ್ಣಿನ ನೋಟ ಬೇಕು ಅಂತಾದರೆ ಲಂಟಾನಕ್ಕೆ ಹೋಗಿ. ನಮ್ಮ ಕಾಡಂಚನ್ನೆಲ್ಲ ನುಂಗಿದ ಗಿಡ ಅದು, ಎಷ್ಟು ಕಡಿದರೂ ಯಾರಿಗೂ ನಷ್ಟವಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕೋಲನ್ನು ಕುದಿಸಿ, ಸಿಪ್ಪೆ ತೆಗೆದು ಕುರ್ಚಿ ಮೇಜು ಹೆಣೆಯುತ್ತಾರೆ. ರಿಂಗ್‌ಗೂ ಅದೇ ಕ್ರಮ ಸಾಕು. ಸಂಕ್ರಾಂತಿ ಕಳೆದ ಮೇಲೆ, ಒಣ ಹವೆ ಇರುವಾಗ, ಪೆನ್ಸಿಲ್ ದಪ್ಪದ ಉದ್ದ ಕಡ್ಡಿ ಆರಿಸಿ. ಮುಳ್ಳು ಇರುತ್ತದೆ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕುದಿಸಿ ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಬಕೆಟ್ಟಿನ ಸುತ್ತ ಬಾಗಿಸಿ, ನಾಲ್ಕೈದು ಕಡ್ಡಿಯನ್ನು ಒಂದರೊಳಗೊಂದು ಹೆಣೆದು ಕಟ್ಟಿ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಆಮೇಲೆ ತೆಳುವಾಗಿ ವಾರ್ನಿಶ್ ಕೊಡಿ. ಸಿಪ್ಪೆ ಬಿಟ್ಟರೆ ಮೊದಲ ಮಳೆಗೇ ಅದರ ಮೇಲೆ ಬೂಷ್ಟು ಕೂರುತ್ತದೆ. ತೋಟ ಕಸಿ ಮಾಡುವಾಗ (ಅಂದರೆ ಗಿಡದ ಕೊಂಬೆ ಸವರುವಾಗ) ಬಿದ್ದ ಕಾಫಿ ಕೊಂಬೆ ಬಳಸಬಹುದಾ ಅಂತ ಕೆಲವರು ಕೇಳುತ್ತಾರೆ. ಬಲಿತ ಕೊಂಬೆ ಬಾಗುವುದಿಲ್ಲ, ಮುರಿಯುತ್ತದೆ. ಎಳೆ ಚಿಗುರಿನ ಕಡ್ಡಿ ಆಗುತ್ತದೆ. ಆದರೆ ಕಾಂಡಕೊರಕ ಹೊಡೆದ ಗಿಡದ್ದು ಬೇಡವೇ ಬೇಡ, ಅದು ಸುಡಬೇಕಾದ ಮಾಲು. ರಿಸರ್ವ್ ಫಾರೆಸ್ಟಿನ ಬೆತ್ತಕ್ಕೂ ಕೈ ಹಾಕಬೇಡಿ. ಭತ್ತದ ಹುಲ್ಲಿನ ಸಿಂಬೆ ನೋಡಲು ಚೆಂದ, ಆದರೆ ಇಲಿ, ಬೂಷ್ಟು ಎರಡನ್ನೂ ಕರೆಯುತ್ತದೆ.

ಥರ್ಮೋಕೋಲ್ ರಿಂಗ್ ಯಾರಾದರೂ ತೋರಿಸಿದರೆ ಬೇಡ ಅನ್ನಿ. ಅಲಂಕಾರಕ್ಕೆ ಥರ್ಮೋಕೋಲ್ ಬಳಸುವುದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ಅದು ಸಾಲದು ಅಂತ ಬಿಸಿ ಅಂಟು ತಾಗಿದ ಕಡೆ ಕರಗಿ ಗುಂಡಿ ಬೀಳುತ್ತದೆ.

ಹೂ ಕೊಳ್ಳುವಾಗ ಅವಸರ ಬೇಡ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ, ಹಾಸನಕ್ಕೆ ಹೋದಾಗ ಕಟ್ಟಿನಕೆರೆ ಮಾರುಕಟ್ಟೆ ಸುತ್ತಲೋ ಫ್ಯಾನ್ಸಿ ಅಂಗಡಿಗಳಲ್ಲಿ ನೋಡಿ. ಹೋಗುವಾಗ ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಕೆಂಪು, ನೇರಳೆ, ಗಾಢ ಗುಲಾಬಿ ಬಣ್ಣದ ಎಸಳನ್ನು ಅದರಿಂದ ಗಟ್ಟಿಯಾಗಿ ಉಜ್ಜಿ. ಬಣ್ಣ ಕರ್ಚೀಫಿಗೆ ಹತ್ತಿದರೆ ಆ ಹೂ ಬೇಡ. ನಿಮ್ಮ ಜಗುಲಿಗೆ ಬರುವ ಎರಚಲಿಗೆ ಅದು ಬಣ್ಣ ಬಿಟ್ಟು ಬಾಗಿಲನ್ನು ಹಾಳು ಮಾಡುತ್ತದೆ. ಆಮೇಲೆ ಹೂವಿನ ತಲೆ ಹಿಡಿದು ಮೆಲ್ಲಗೆ ಎಳೆದು ನೋಡಿ. ಸುಮಾರು ಹೂಗಳ ತಲೆ ಪ್ಲಾಸ್ಟಿಕ್ ಮೊಳೆಗೆ ಸಿಕ್ಕಿಸಿದ್ದು ಅಷ್ಟೇ, ಕೈಗೇ ಬಂದುಬಿಡುತ್ತದೆ. ಹೂ ಚೆನ್ನಾಗಿದ್ದರೆ ಬಿಡಬೇಡಿ, ಮನೆಗೆ ತಂದು ಮೊಳೆಗೆ ಒಂದು ಹನಿ ಅಂಟು ಹಾಕಿ ಮತ್ತೆ ಸಿಕ್ಕಿಸಿದರೆ ಆಯಿತು. ಎಸಳಿನ ಅಂಚಿನಲ್ಲಿ ದಾರ ಬಿಟ್ಟುಕೊಂಡಿದೆಯಾ ಅಂತಲೂ ನೋಡಿ.

ಪಾಲಿಯೆಸ್ಟರ್ ಬಟ್ಟೆಯ ಹೂ ನಮ್ಮ ಹವೆಗೆ ಒಳ್ಳೆಯದು, ತೊಳೆದರೂ ಬೇಗ ಆರುತ್ತದೆ. ಫೋಮ್ ಹೂ ಮಕ್ಕಳ ಕೋಣೆಗೆ ಇರಲಿ, ಹೊರಬಾಗಿಲಿಗೆ ಬೇಡ. ಕಾಗದದ ಹೂವನ್ನಂತೂ ಬೆಳ್ಳಿಹುಳ ತಿಂದುಹಾಕುತ್ತದೆ. 14 ಇಂಚಿನ ರಿಂಗ್‌ಗೆ ಎಲೆಯ ಎಸಳುಗಳು (ಎಲೆಗಳಿರುವ ಕಡ್ಡಿ) ಒಂದು ಡಜನ್, ದೊಡ್ಡ ಹೂ ಮೂರು, ಮಧ್ಯಮ ಐದಾರು, ಸಣ್ಣ ಹೂ ಅಥವಾ ಮೊಗ್ಗಿನ ಗೊಂಚಲು ಎಂಟು ಹತ್ತು ಸಾಕು. ದುಡ್ಡಿದ್ದರೆ ಇನ್ನಷ್ಟು ತರಬೇಡಿ, ಇಷ್ಟನ್ನೇ ಒಳ್ಳೆಯದು ತನ್ನಿ. ಎಲೆಗೆ ಹೆಚ್ಚು ಖರ್ಚು ಮಾಡಿ. ಹೂ ಸಾಧಾರಣ ಇದ್ದರೂ ಎಲೆ ಚೆನ್ನಾಗಿದ್ದರೆ ರೀತ್ ನಿಜದ ಹಾಗೆ ಕಾಣುತ್ತದೆ. ಎಲೆ ಅಗ್ಗದ್ದಾದರೆ ಹೂವನ್ನು ಯಾವುದೂ ಕಾಪಾಡುವುದಿಲ್ಲ.

ಅಂಟು ಯಾಕೆ ಬಿಡುತ್ತದೆ ಅಂತ ಸ್ವಲ್ಪ ಹೇಳಬೇಕು. ಕೃತಕ ಎಲೆ, ಕಾಂಡ ಹೆಚ್ಚಾಗಿ ಪಾಲಿಥೀನ್. ಪಾಲಿಥೀನ್‌ಗೆ ಗ್ಲೂ ಗನ್ನಿನ ಅಂಟು ಸರಿಯಾಗಿ ಹಿಡಿಯುವುದೇ ಇಲ್ಲ, ಆರಿದ ಮೇಲೆ ಉಗುರಲ್ಲಿ ಎಬ್ಬಿಸಿದರೆ ಸಿಪ್ಪೆ ಥರ ಏಳುತ್ತದೆ. ಇನ್ನೊಂದು ಕಡೆ ಮರದ ಕಡ್ಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅಂಟು ಅದರ ಜೊತೆ ಉಬ್ಬಿ ಕುಗ್ಗುವುದಿಲ್ಲ. ಮಧ್ಯೆ ಸಣ್ಣ ಸಂದು ಬಿಡುತ್ತದೆ, ಅದರೊಳಗೆ ತೇವ ಹೋಗುತ್ತದೆ, ಒಂದು ದಿನ ಬಾಗಿಲು ಜೋರಾಗಿ ಹಾಕಿದಾಗ ಹೂ ನೆಲಕ್ಕೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಾದರೆ ಏಪ್ರಿಲ್ ಬಿಸಿಲಿಗೆ ಅಂಟೇ ಮೆತ್ತಗಾಗಿ ಭಾರದ ಹೂ ಜಾರುತ್ತದೆ. ಗ್ಲೂ ಗನ್ ಇದ್ದರೆ ಇರಲಿ. ಹೂವಿನ ತಲೆಯನ್ನು ಅದರದ್ದೇ ಮೊಳೆಗೆ ಕೂರಿಸಲು, ತಂತಿಯ ತುದಿ ಮುಚ್ಚಲು ಅದು ಬೇಕು. ಭಾರ ಹೊರುವ ಕೆಲಸವನ್ನು ಮಾತ್ರ ಅದಕ್ಕೆ ಕೊಡಬೇಡಿ.

ಕಟ್ಟಲು ಒಂದು ಮಿ.ಮೀ. ಅಲ್ಯೂಮಿನಿಯಂ ಕ್ರಾಫ್ಟ್ ತಂತಿ ಒಳ್ಳೆಯದು, ಕೈಯಲ್ಲೇ ಬಾಗುತ್ತದೆ, ತುಕ್ಕಿನ ಮಾತೇ ಇಲ್ಲ. ಮನೆ ಕಟ್ಟುವಾಗ ಕಂಬಿಗೆ ಬಿಗಿಯುವ ಕಪ್ಪು ಬೈಂಡಿಂಗ್ ವೈರ್ ಅಂತೂ ಬೇಡ, ನಿಮ್ಮ ಕಡೆ ಒಂದೇ ಮಳೆಗಾಲದಲ್ಲಿ ಅದು ಕೆಂಪಾಗುತ್ತದೆ. ಹೂವಿನ ಕಾಂಡವನ್ನು ಕತ್ತರಿಸಿದಾಗ ಒಳಗಿನ ಕಬ್ಬಿಣ ತುದಿಯಲ್ಲಿ ಬರಿದಾಗಿ ಕಾಣುತ್ತದೆ. ಬಾಗಿಲಿಗೆ ತುಕ್ಕು ಇಳಿದಿದ್ದು ಅಲ್ಲಿಂದಲೇ. ಕತ್ತರಿಸಿದ ಪ್ರತಿ ತುದಿಗೂ ಎರಡು ಸಲ ನೈಲ್ ಪಾಲಿಶ್ ಹಚ್ಚಿ, ಇಲ್ಲವೇ ಒಂದು ಹನಿ ಬಿಸಿ ಅಂಟಿನಿಂದ ಮುಚ್ಚಿ. ಬೇಸರದ ಕೆಲಸ, ನಿಜ. ಆದರೂ ಒಂದನ್ನೂ ಬಿಡಬೇಡಿ. ಕತ್ತರಿಸಲು ಕಟಿಂಗ್ ಪ್ಲೇಯರ್ ಬಳಸಿ, ಮನೆಯ ಕತ್ತರಿ ಹಾಳಾಗುತ್ತದೆ.

ಈಗ ಕಟ್ಟುವ ರೀತಿ. ಮೊದಲು ರಿಂಗನ್ನು ಮೇಜಿನ ಮೇಲಿಟ್ಟು ಗಡಿಯಾರ ಅಂದುಕೊಳ್ಳಿ. ಎಡಗಡೆ 11 ಗಂಟೆಯ ಜಾಗದಿಂದ ಕೆಳಗಿಳಿದು 5ರವರೆಗೆ ಹೂ ಬರಬೇಕು. ಮೇಲೆ ಮತ್ತು ಬಲಗಡೆ ರಿಂಗ್ ಬರಿದಾಗಿರಲಿ. ಎಲೆ ಮೊದಲು. ಎಲೆಯ ಎಸಳನ್ನು 4 ಇಂಚು ಕಾಂಡ ಬಿಟ್ಟು ಕತ್ತರಿಸಿ. 11ರಲ್ಲಿ ತುದಿ ಮೇಲೆ ಮಾಡಿ ಇಟ್ಟು, ಕಾಂಡವನ್ನು ರಿಂಗ್‌ಗೆ ಎರಡು ಕಡೆ ತಂತಿಯಿಂದ ಬಿಗಿಯಿರಿ. ಮುಂದಿನ ಎಸಳು ಹಿಂದಿನದರ ಕಾಂಡವನ್ನು ಮುಚ್ಚುವಂತೆ ಕೂರಬೇಕು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವಾಗ ಒಂದರ ತೊಟ್ಟಿನ ಮೇಲೆ ಇನ್ನೊಂದು ಹೂ ಬರುತ್ತದಲ್ಲ, ಹಾಗೆ. ದಂಡೆ ಕಟ್ಟಿ ಬಲ್ಲವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. 11ರಿಂದ ಕೆಳಗೆ 7ರವರೆಗೆ ಬನ್ನಿ. ಆಮೇಲೆ 5ರಿಂದ ಶುರು ಮಾಡಿ ತುದಿಗಳು ಬಲಕ್ಕೆ ನೋಡುವಂತೆ ಇಡುತ್ತಾ 7ರ ಕಡೆಗೆ ಬನ್ನಿ. ಎರಡೂ ಕಡೆಯ ಕಾಂಡಗಳು 7ರಲ್ಲಿ ಸೇರುತ್ತವೆ. ಕೊನೆಗೆ ದೊಡ್ಡ ಹೂ ಕೂರಿಸಬೇಕಾದದ್ದು ಅಲ್ಲೇ. ಈ ಹಸಿರು ವರ್ಷವಿಡೀ ರಿಂಗ್ ಮೇಲೇ ಇರುತ್ತದೆ.

ಹೂವನ್ನು ನೇರ ರಿಂಗ್‌ಗೆ ಕಟ್ಟಬೇಡಿ. ಮೊದಲು ಸಣ್ಣ ಕುಚ್ಚು ಮಾಡಿ. ಹಿಂದೆ ಒಂದು ಚಿಕ್ಕ ಎಲೆ, ಅದರ ಮುಂದೆ ಮಧ್ಯಮ ಹೂ, ಸ್ವಲ್ಪ ಕೆಳಗೆ ಒಂದು ಮೊಗ್ಗಿನ ಗೊಂಚಲು. ಮೂರನ್ನೂ ಹೂವಿನ ಕತ್ತಿನಿಂದ ಒಂದಿಂಚು ಕೆಳಗೆ ಬೆರಳಲ್ಲಿ ಒತ್ತಿ ಹಿಡಿದು ತಂತಿಯನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ತಂತಿಯ ಎರಡು ಬಾಲವನ್ನೂ ನಾಲ್ಕು ನಾಲ್ಕು ಇಂಚು ಉಳಿಸಿ. ಈ ಬಾಲಗಳೇ ನಿಮಗೆ ಬೇಕಾದ ಕೀಲು. ಕುಚ್ಚನ್ನು ಎಲೆಗಳ ನಡುವೆ ಇಟ್ಟು, ಬಾಲಗಳನ್ನು ರಿಂಗಿನ ಹಿಂದಕ್ಕೆ ತಂದು ಮೂರು ಸಲ ತಿರುಚಿ, ತುದಿಯನ್ನು ಒಳಕ್ಕೆ ಮಡಚಿ. ಮಡಚದಿದ್ದರೆ ಬಾಗಿಲ ಪಾಲಿಶ್ ಕೆರೆಯುತ್ತದೆ. ಕಾಲ ಬದಲಾದಾಗ ಹಿಂದೆ ಮೂರು ತಿರುಚು ಬಿಚ್ಚಿದರೆ ಕುಚ್ಚು ಕೈಗೆ ಬರುತ್ತದೆ. ಒಂದು ಕಾಲಕ್ಕೆ ಐದರಿಂದ ಏಳು ಕುಚ್ಚು ಸಾಕು. ಎಲ್ಲ ಹೂವೂ ಬಾಗಿಲ ಎದುರು ನಿಂತವರ ಮುಖ ನೋಡಬೇಕಾಗಿಲ್ಲ. ಎರಡು ಮೂರು ಪಕ್ಕಕ್ಕೆ, ಒಂದು ಕೆಳಕ್ಕೆ ತಿರುಗಿರಲಿ. ಎಸಳನ್ನು ಬೆರಳಲ್ಲಿ ಸ್ವಲ್ಪ ಹಿಂದಕ್ಕೆ ಬಾಗಿಸಿ, ಡಬ್ಬಿಯಲ್ಲಿ ಒತ್ತಿ ಬಂದ ಚಪ್ಪಟೆತನ ಹೋಗಲಿ.

ನನಗೆ ತುಂಬಾ ಇಷ್ಟದ ವಿಷಯ ಮುಂದಿನದು: ಯಾವ ಕಾಲಕ್ಕೆ ಯಾವ ಹೂ. ಚಿತ್ರ ನೋಡಿ ಮಾಡುವವರೆಲ್ಲ ಮೇಪಲ್ ಎಲೆ, ಕುಂಬಳಕಾಯಿ, ಹಿಮ ಬಿದ್ದ ಪೈನ್ ಕಾಯಿ ಹಾಕುತ್ತಾರೆ. ಅವು ಆ ಊರಿನ ಕಾಲಕ್ಕೆ ಸರಿ. ನಿಮ್ಮ ಬಾಗಿಲ ಹೊರಗೆ ಏನು ಅರಳಿದೆಯೋ ಅದನ್ನು ನೋಡಿ ಕಟ್ಟಿ. ತೋಟಕ್ಕೆ ಹೂ ಮಳೆ (ಕಾಫಿ ಮೊಗ್ಗು ಅರಳಿಸುವ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ, ನಾಲ್ಕು ದಿನದಲ್ಲಿ ಕಂದಿ ಹೋಗುತ್ತದೆ. ಆ ಹೂವನ್ನು ಬ್ಯಾಕಿಂಗ್ ಮಳೆ (ಹೂ ಮಳೆಯ ನಂತರ ಬರುವ ಮಳೆ) ಮುಗಿಯುವವರೆಗೂ ಬಾಗಿಲ ಮೇಲೆ ಉಳಿಸಿಕೊಳ್ಳಬಹುದು. ಅಂಗಡಿಯಲ್ಲಿ ಕಾಫಿ ಹೂ ಅಂತ ಸಿಗುವುದಿಲ್ಲ. ಮಲ್ಲಿಗೆಯ ಥರದ ಸಣ್ಣ ಬಿಳಿ ಹೂವಿನ ಗೊಂಚಲು ತಂದು ಬಿಡಿಸಿ. ಅರೇಬಿಕಾ ಹೂವಿಗೆ ಐದು ಎಸಳು, ಚೂಪು ಚೂಪಾಗಿ ನಕ್ಷತ್ರದ ಹಾಗೆ. ಎಸಳಿನ ದುಂಡು ತುದಿಯನ್ನು ಕತ್ತರಿಯಲ್ಲಿ ಓರೆ ಮಾಡಿದರೆ ಅದೇ ಆಕಾರ ಬರುತ್ತದೆ. ಇನ್ನು ಮುಖ್ಯವಾದದ್ದು ಹೂ ಕೂರುವ ಜಾಗ. ಕಾಫಿ ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ಹೂ ಬರುವುದು ಆ ಜೋಡಿಯ ಬುಡದಲ್ಲಿ, ಕೊಂಬೆಗೆ ಅಂಟಿಕೊಂಡು ಗೊಂಚಲು ಗೊಂಚಲಾಗಿ. ಹೂವನ್ನು ಕೊಂಬೆಯ ತುದಿಗೆ ಸಿಕ್ಕಿಸಿದರೆ ತೋಟದವರು ಯಾರೂ ಅದನ್ನು ಕಾಫಿ ಅನ್ನುವುದಿಲ್ಲ. ಎಲೆಗೆ ಹೊಳಪಿನ ಕಡು ಹಸಿರು, ಅಂಚು ಸ್ವಲ್ಪ ಅಲೆಅಲೆ ಇರುವ ಕೃತಕ ಎಲೆ ಹುಡುಕಿ.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಕಕ್ಕೆ ಹೂವಿನ ಹಳದಿ ಜೋಲು, ಮೇ ಫ್ಲವರಿನ ಕೆಂಪು. ಎರಡರಲ್ಲಿ ಒಂದನ್ನು ಆರಿಸಿ, ಎರಡೂ ಸೇರಿದರೆ ಗದ್ದಲ. ಮುಂಗಾರು ಹಿಡಿದಾಗ ಸೀತಾಳೆ ದಂಡೆ. ಮರದ ಮೇಲಿನ ಆ ಆರ್ಕಿಡ್ ಜೋತು ಬೀಳುವ ರೀತಿಗೆ ವಿಸ್ಟೀರಿಯಾ ಅಂತ ಮಾರುವ ಕೃತಕ ಎಳೆ ಹತ್ತಿರ ಬರುತ್ತದೆ. ನೇರಳೆ ಗಾಢವಾದದ್ದು ಬೇಡ, ಬಿಳಿಗೆ ಗುಲಾಬಿ ಬೆರೆತದ್ದು ತನ್ನಿ. 7 ಗಂಟೆಯ ಜಾಗದಿಂದ ಎರಡು ಎಳೆ ಹೆಚ್ಚುಕಮ್ಮಿ ಉದ್ದದಲ್ಲಿ ಕೆಳಗೆ ಬಿಡಿ, ಸುತ್ತ ಜರೀಗಿಡದ ಎಲೆ. ಗೌರಿ ಹಬ್ಬಕ್ಕೆ ಗೌರಿ ಹೂ ಬೇಕೆನಿಸಿದರೆ ಕೆಂಪು ಹಳದಿ ಬೆರೆತ ಲಿಲಿ ತನ್ನಿ. ಅದರ ಎಸಳಿನೊಳಗೆ ತಂತಿ ಇದ್ದರೆ ಪ್ರತಿ ಎಸಳನ್ನೂ ಪೂರ್ತಿ ಹಿಂದಕ್ಕೆ ಬಾಗಿಸಿ, ಕೇಸರಗಳು ಹೊರಗೆ ಚಾಚಲಿ. ಗುರುತು ಹಿಡಿಯದವರೇ ಇಲ್ಲ. 2022ರಲ್ಲಿ ಚಂದ್ರದ್ರೋಣ ಬೆಟ್ಟದಲ್ಲಿ ಕುರಿಂಜಿ ಅರಳಿದ್ದನ್ನು ನೀವೂ ನೋಡಿರಬಹುದು. ಆ ನೀಲಿನೇರಳೆಗೆ ಹನ್ನೆರಡು ವರ್ಷ ಕಾಯಬೇಕು, ಒಂದು ಕುಚ್ಚಿನ ಸೆಟ್ಟು ಅದಕ್ಕಾಗಿ ಮಾಡಿಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆಯುವ ಹೊತ್ತಿನಿಂದ ದೀಪಾವಳಿವರೆಗೆ ಚೆಂಡು ಹೂ, ಸೇವಂತಿಗೆ, ಹುಚ್ಚೆಳ್ಳು ಹೂವಿನ ಹಳದಿ. ಇಲ್ಲಿ ಮಾತ್ರ ಎಚ್ಚರ ಬೇಕು. ಚೆಂಡು ಹೂವನ್ನು ಒತ್ತಾಗಿ ಸುತ್ತಿದರೆ ಮತ್ತೆ ಆ ಹಳೇ ಚಕ್ರವೇ ಆಗುತ್ತದೆ. ಮೂರೇ ಚೆಂಡು ಹೂ, ಉಳಿದದ್ದು ಚಿಕ್ಕ ಹಳದಿ ಹೂ ಮತ್ತು ಹಸಿರು. ನವೆಂಬರ್ ಬಂತು ಅಂದರೆ ಕಾಫಿ ಹಣ್ಣು. ಕ್ರಿಸ್‌ಮಸ್‌ಗೆಂದು ಬರುವ ಕೆಂಪು ಕಾಯಿಯ ಕಡ್ಡಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕಾಯಿಗಳನ್ನು ಬಿಡಿಸಿ ಎಲೆಜೋಡಿಯ ಬುಡದಲ್ಲಿ ಒತ್ತೊತ್ತಾಗಿ ಕಟ್ಟಿ, ತೊಟ್ಟು ಕಾಣಬಾರದು. ಎಲ್ಲ ಕೆಂಪೇ ಇದ್ದರೆ ಪ್ಲಾಸ್ಟಿಕ್ ಅಂತ ತಕ್ಷಣ ಗೊತ್ತಾಗುತ್ತದೆ. ಗೊಂಚಲಿಗೆ ಒಂದೆರಡು ಕಾಯಿಗೆ ಅಕ್ರಿಲಿಕ್ ಬಣ್ಣದಲ್ಲಿ ಹಸಿರು, ಒಂದಕ್ಕೆ ಹಳದಿ ಕೊಡಿ. ಒಂದೇ ಗೊಂಚಲಲ್ಲಿ ಹಣ್ಣು, ದೋರೆ, ಕಾಯಿ ಮೂರೂ ಇರುವುದು ಕೊಯ್ಲು ಮಾಡಿದವರಿಗೆ ಗೊತ್ತು.

ತೂಗುಹಾಕುವಾಗ ಅಳತೆ ನೋಡಿ. 3 ಅಡಿ ಅಗಲದ ಬಾಗಿಲಿಗೆ ಎಲೆ ಹೂ ಸೇರಿ 20ರಿಂದ 24 ಇಂಚು ಹಿಡಿಸುತ್ತದೆ. 14 ಇಂಚಿನ ರಿಂಗ್ ಹೇಳಿದ್ದು ಅದಕ್ಕೇ, ಎಲೆ ಆಚೀಚೆ ಮೂರು ನಾಲ್ಕು ಇಂಚು ಚಾಚುತ್ತದೆ. ರೀತ್‌ನ ನಡುಭಾಗ ನೆಲದಿಂದ ಸುಮಾರು 5 ಅಡಿ ಎತ್ತರ ಇರಲಿ, ಇಣುಕುಗಿಂಡಿ ಮುಚ್ಚಬಾರದು. ತೇಗದ ಬಾಗಿಲಿಗೆ ಮೊಳೆ ಹೊಡೆಯಬೇಡಿ. ಅಂಟಿಸುವ ಹುಕ್ಕು ತೇವಕ್ಕೆ ಬಿಟ್ಟುಕೊಳ್ಳುತ್ತದೆ, ಕೆಲವೊಮ್ಮೆ ಪಾಲಿಶನ್ನೂ ಕಿತ್ತುಕೊಂಡು ಬರುತ್ತದೆ. ಮೀನು ಹಿಡಿಯುವ ದಪ್ಪ ನೈಲಾನ್ ದಾರವನ್ನು ಬಾಗಿಲ ಮೇಲಂಚಿನಿಂದ ಒಳಗಡೆಗೆ ಹಾಯಿಸಿ, ಒಳಬದಿಯ ಬೋಲ್ಟಿಗೆ ಕಟ್ಟಿ. ಹೊರಗಿನಿಂದ ಏನೂ ಕಾಣುವುದಿಲ್ಲ. ಹಳೇ ತೊಟ್ಟಿ ಮನೆಗಳ ಹಾಗೆ ಎರಡು ಕದ ಇರುವ ಬಾಗಿಲಾದರೆ ನಡುವೆ ಒಂದು ಹಾಕಿ ತೆಗೆದಾಗಲೆಲ್ಲ ಸರಿಸುವುದು ಕಷ್ಟ. ಪ್ರತಿ ಕದಕ್ಕೆ 8 ಇಂಚಿನ ರಿಂಗ್‌ನ ಸಣ್ಣದೊಂದು ಮಾಡಿ, ಹೂ ಇರುವ ಬದಿ ಎರಡರಲ್ಲೂ ಹೊರಗಡೆಗೆ ಬರಲಿ. ಹೊರಕ್ಕೆ ತೆರೆಯುವ ಸೊಳ್ಳೆ ಜಾಲರಿಯ ಬಾಗಿಲಿದ್ದರೆ ಎರಡರ ನಡುವಿನ ಸಂದನ್ನು ಮೊದಲೇ ಅಳೆಯಿರಿ. ನಾಲ್ಕು ಇಂಚಿಗಿಂತ ಕಡಿಮೆ ಇದ್ದರೆ ಹೂ ಜಜ್ಜಿ ಹೋಗುತ್ತದೆ, ಪಕ್ಕದ ಗೋಡೆಗೆ ಹಾಕುವುದೇ ವಾಸಿ. ಹಿಂಬದಿಗೆ ನಾಲ್ಕು ಕಡೆ ಸಣ್ಣ ರಬ್ಬರ್ ತುಂಡು ಕಟ್ಟಿದರೆ ರಿಂಗ್ ಬಾಗಿಲಿಗೆ ಅಂಟಿ ಕೂರುವುದಿಲ್ಲ, ಗಾಳಿ ಆಡುತ್ತದೆ, ಬೂಷ್ಟು ಕಮ್ಮಿ.

ದೀಪಾವಳಿಗೆ ಹೊಸ್ತಿಲ ಮೇಲೆ ಹಣತೆ ಇಡುತ್ತೀರಲ್ಲ, ಆಗ ಕೆಳಗೆ ಬಿಟ್ಟ ಎಳೆಗಳನ್ನು ಬಿಚ್ಚಿಡಿ. ಪಾಲಿಯೆಸ್ಟರ್ ಬೆಂಕಿ ತಾಗಿದರೆ ಕರಗಿ ಉರಿಯುತ್ತಲೇ ಹನಿಯುತ್ತದೆ. ಇದರಲ್ಲಿ ರಾಜಿ ಬೇಡ.

ಮಳೆಗಾಲದಲ್ಲಿ ಬಿಡುವು ಬಿಸಿಲು ಬಂದಾಗಲೆಲ್ಲ ರೀತ್ ಇಳಿಸಿ ಹಿಂಬದಿ ನೋಡಿ. ಧೂಳನ್ನು ಒಣ ಪೇಂಟ್ ಬ್ರಷ್‌ನಲ್ಲಿ ತೆಗೆಯಿರಿ. ಬೂಷ್ಟು ತಿನ್ನುವುದು ಮುಖ್ಯವಾಗಿ ಆ ಧೂಳನ್ನೇ. ಬೂಷ್ಟು ಬಂದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಬ್ಲೀಚಿಂಗ್ ಬೇಡ, ಬಣ್ಣ ಹೋಗುತ್ತದೆ. ವಿನೆಗರ್ ಜೊತೆ ಅದನ್ನು ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಹೂವನ್ನು ಉಪ್ಪಿನ ಚೀಲದಲ್ಲಿ ಹಾಕಿ ಅಲುಗಿಸಿದರೆ ಧೂಳು ಹೋಗುತ್ತದೆ ಅನ್ನುವ ಉಪಾಯ ಒಣ ಊರಿನದು. ನಿಮ್ಮಲ್ಲಿ ಉಪ್ಪು ನೀರು ಬಿಟ್ಟು ತಂತಿಗೆ ತುಕ್ಕು ಬೇಗ ಹಿಡಿಯುತ್ತದೆ. ತೀರಾ ಕೊಳೆಯಾದ ಕುಚ್ಚುಗಳನ್ನು ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಅದ್ದಿ ತೆಗೆದು, ತಲೆಕೆಳಗಾಗಿ ನೆರಳಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಇಳಿಸುವ ಮುಂಚೆ ಒಮ್ಮೆ ಒಳಗೆ ಇಣುಕಿ. ಪಿಕಳಾರಗಳಿಗೆ ಜಗುಲಿಯ ಇಂಥ ಜಾಗ ಇಷ್ಟ. ಗೂಡು ಕಟ್ಟಿದ್ದರೆ ಮರಿ ಹಾರುವವರೆಗೆ ಮುಟ್ಟಬೇಡಿ, ಆ ಕಾಲದ ಹೂವೇ ಇನ್ನಷ್ಟು ದಿನ ಇರಲಿ.

ಬಿಚ್ಚಿದ ಕುಚ್ಚುಗಳನ್ನು ಪೂರ್ತಿ ಒಣಗಿದ ಮೇಲೆಯೇ ಎತ್ತಿಡಿ. ಒಂದೊಂದು ಕಾಲದ್ದು ಒಂದೊಂದು ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ತಿಂಗಳ ಹೆಸರು. ಅಡುಗೆಮನೆಯ ಅಟ್ಟಕ್ಕೆ ಹಾಕಬೇಡಿ, ಹೊಗೆ ಮತ್ತು ಎಣ್ಣೆ ಜಿಡ್ಡು ಕೂತರೆ ತೊಳೆದರೂ ಹೋಗುವುದಿಲ್ಲ. ಬಿಸಿಲಿಗೆ ಬಣ್ಣ ಮಾಸದಿರಲು ಯು.ವಿ. ತಡೆಯುವ ಪಾರದರ್ಶಕ ಸ್ಪ್ರೇ ಹೊಡೆಯುವುದಾದರೆ ಜನವರಿ ಫೆಬ್ರವರಿಯಲ್ಲಿ, ಹೊರಗೆ, ತೆಳುವಾಗಿ ಎರಡು ಸಲ. ಮಳೆಗಾಲದಲ್ಲಿ ಹೊಡೆದರೆ ತೇವ ಸೇರಿ ಎಸಳಿನ ಮೇಲೆ ಬೆಳ್ಳಗೆ ಮಸುಕು ಕಟ್ಟುತ್ತದೆ. ಇಷ್ಟಾದರೂ ದಕ್ಷಿಣ, ಪಶ್ಚಿಮದ ಬಾಗಿಲಿನಲ್ಲಿ ಕೆಂಪು ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಆಗ ಆ ಕುಚ್ಚು ಒಂದನ್ನೇ ಬಿಚ್ಚಿ ಹೊಸ ಹೂ ಕಟ್ಟಿ. ರಿಂಗನ್ನೂ ಹಸಿರನ್ನೂ ಮುಟ್ಟಬೇಕಾಗಿಲ್ಲ.